ನಂಬಿಕೆಯಿಲ್ಲದ ಬಾಳಿಗೆ ನೆಲೆ ಯಾವುದು?

ಕಳೆದ ವರ್ಷ ಬಿ.ಎಸ್‌ಸಿ. ಎರಡನೆಯ ವರ್ಷದ ತರಗತಿಗೆ ಉಷ್ಣಗತಿವಿಜ್ಞಾನದ ಎರಡನೆಯ ನಿಯಮವನ್ನು ಪಾಠ ಹೇಳಿ ಮುಗಿಸಿದ ದಿನ ನಡೆದ ಸಂಗತಿಯೊಂದು ಈ ಲೇಖನಕ್ಕೆ ಕಾರಣ. ಬಿಸಿಯಾದ ವಸ್ತುವಿನಿಂದ ತಣ್ಣಗಿರುವ ವಸ್ತುವಿಗೆ ಉಷ್ಣವು ತಾನಾಗಿಯೇ ಹರಿಯುತ್ತದೆ. ಹಿಮ್ಮುಖವಾಗಿ ತಾನಾಗಿ ಹರಿಯುವುದಿಲ್ಲ. ಲೋಟದಲ್ಲಿಟ್ಟ ಕಾಫಿ ಆರುವುದನ್ನು ನಾವೆಲ್ಲರೂ ಬಲ್ಲೆವು. ಆರಿದ ಕಾಫಿ ಸುತ್ತಣ ಗಾಳಿಯ ಶಾಖವನ್ನು ಹೀರಿಕೊಂಡು ಕುದಿಯತೊಡಗಿದ್ದನ್ನು ಯಾರೂ ಕಂಡಿಲ್ಲ. ಈ ದಿನನಿತ್ಯದ ಅನುಭವವನ್ನೇ ವಿಶ್ವದ ಅಗಲಕ್ಕೆ ಹಿಗ್ಗಿಸಿದರೆ ಗಂಭೀರವಾದ ಒಂದು ನಿರ್ಣಯಕ್ಕೆ ಬಂದು ನಿಲ್ಲುತ್ತೇವೆ. ಎಣಿಕೆಗೆ ಸಿಕ್ಕದಷ್ಟು ದೂರದ ಕಾಲದಲ್ಲಿ ಎಲ್ಲೆಡೆಯೂ ಉಷ್ಣತೆ ಒಂದೇ ಮಟ್ಟಕ್ಕೆ ಇಳಿದು, ಯಾವ ಕೆಲಸಕ್ಕೂ ಒದಗದ ಶಕ್ತಿ ಮಾತ್ರ ಉಳಿದೀತು. ಇದನ್ನು ‘ವಿಶ್ವದ ಉಷ್ಣಮರಣ’ ಎಂದು ಕರೆಯುವುದು ವಾಡಿಕೆ. ಪಾಠದ ಕೊನೆಯಲ್ಲಿ, ಸ್ವಲ್ಪ ಉತ್ಸಾಹದಿಂದಲೇ ಎನ್ನಬೇಕು, ನಾನಿದನ್ನು ಹೇಳಿ ಪುಸ್ತಕ ಮುಚ್ಚಿದೆ.

ವಿದ್ಯಾರ್ಥಿಯೊಬ್ಬ ಜಗಲಿಯವರೆಗೂ ನನ್ನ ಹಿಂದೆಯೇ ಬಂದ. ಆ ಮಳೆಗಾಲದಲ್ಲಿ ಅವನ ತಂದೆ ತೀರಿಕೊಂಡಿದ್ದರು. “ಸಾರ್, ಅಪ್ಪ ಹೋದಮೇಲೆ ನನಗೆ ದೇವರಲ್ಲಿ ನಂಬಿಕೆ ನಿಲ್ಲಲಿಲ್ಲ. ನಂಬಿಕೆ ಬಿಟ್ಟವನ ಬಾಳಿಗೆ ನೆಲೆಯಿಲ್ಲ ಎಂದು ಅಮ್ಮ ಅಳುತ್ತಾಳೆ. ಈಗ ನೀವು ಹೇಳಿದ ಹಾಗೆ ಕೊನೆಗೆ ಸೂರ್ಯನೂ ಉಳಿಯುವುದಿಲ್ಲ. ಅಂದಮೇಲೆ ಓದುವುದು, ದುಡಿಯುವುದು, ಒಳ್ಳೆಯವನಾಗಿ ನಡೆದುಕೊಳ್ಳುವುದು, ಇದೆಲ್ಲ ಏಕೆ ಸಾರ್?” ಎಂದು ಕೇಳಿದ. ಅವನ ದನಿಯಲ್ಲಿ ವಾದದ ಹುಮ್ಮಸ್ಸು ಇರಲಿಲ್ಲ. ಪರೀಕ್ಷೆ ಮುಗಿಯಲಿ, ನಿಧಾನವಾಗಿ ಮಾತಾಡೋಣ ಎಂದು ಹೇಳಿ ನಾನು ತಪ್ಪಿಸಿಕೊಂಡೆ. ಹಾಗೆ ತಪ್ಪಿಸಿಕೊಂಡದ್ದು ಬಹಳ ದಿನ ಮನಸ್ಸನ್ನು ಕೊರೆಯುತ್ತಿತ್ತು.

ಅವನ ಪ್ರಶ್ನೆಯಲ್ಲಿ ಎರಡು ಎಳೆಗಳು ಹೆಣೆದುಕೊಂಡಿದ್ದವು. ಒಂದು ಭೌತವಿಜ್ಞಾನಕ್ಕೆ ಸೇರಿದ್ದು. ಅದನ್ನು ಮೊದಲು ಬಿಡಿಸೋಣ, ಅದೇ ಸುಲಭವಾದದ್ದು. ಸೂರ್ಯನು ಪ್ರತಿ ಸೆಕೆಂಡಿಗೆ ಸುಮಾರು ೬೦ ಕೋಟಿ ಟನ್ ಜಲಜನಕವನ್ನು ಹೀಲಿಯಮ್ಮಾಗಿ ಪರಿವರ್ತಿಸುತ್ತಾನೆ. ಅದರಲ್ಲಿ ಸುಮಾರು ೪೦ ಲಕ್ಷ ಟನ್ ದ್ರವ್ಯ ಶಕ್ತಿಯ ರೂಪದಲ್ಲಿ ಹೊರಟುಹೋಗುತ್ತದೆ. ಈ ದುಂದುವೆಚ್ಚ ಸುಮಾರು ೪೬೦ ಕೋಟಿ ವರ್ಷಗಳಿಂದ ನಡೆದಿದೆ, ಇನ್ನೂ ೫೦೦ ಕೋಟಿ ವರ್ಷ ನಡೆಯುವಷ್ಟು ಬಂಡವಾಳವಿದೆ. ಅದಕ್ಕೆ ಬಹಳ ಮೊದಲೇ, ಪ್ರಾಯಶಃ ೧೦೦ ಕೋಟಿ ವರ್ಷಗಳ ಹೊತ್ತಿಗೆ, ಸೂರ್ಯನ ಕಾವು ಹೆಚ್ಚಿ ಭೂಮಿಯ ಸಾಗರಗಳು ಆವಿಯಾಗತೊಡಗುತ್ತವೆ. ಈ ಬಗೆಯ ಲೆಕ್ಕ ಹೊಸದಲ್ಲ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್‌ಸನ್ ೧೮೫೨ರಲ್ಲಿ ಶಕ್ತಿಯ ಸವಕಳಿಯನ್ನು ಕುರಿತ ಪ್ರಬಂಧವನ್ನು ಬರೆದ. ಎರಡು ವರ್ಷಗಳ ಬಳಿಕ ಕೋನಿಗ್ಸ್‌ಬರ್ಗಿನ ಉಪನ್ಯಾಸವೊಂದರಲ್ಲಿ ಹೆಲ್ಮ್‌ಹೋಲ್ಟ್ಸ್ ಅದೇ ಮಾತನ್ನು ಇಡೀ ವಿಶ್ವಕ್ಕೆ ಅನ್ವಯಿಸಿದ. ಆ ಶತಮಾನದ ಎಷ್ಟೋ ಮಂದಿ ವಿದ್ಯಾವಂತರು ಈ ಸುದ್ದಿಯಿಂದ ಕಂಗಾಲಾದರು.

ಆದರೆ ಕಂಗಾಲಾಗಲು ಕಾರಣವೇನು? ಕೊನೆಯುಳ್ಳದ್ದಕ್ಕೆ ಬೆಲೆಯಿಲ್ಲ ಎಂಬ ಹೇಳಿಕೆ ಭೌತವಿಜ್ಞಾನದ ಯಾವ ಸಮೀಕರಣದಿಂದಲೂ ಹೊರಡುವುದಿಲ್ಲ. ಗೋಡೆಯ ಮೇಲಿನ ಲೋಲಕದ ಗಡಿಯಾರ ಒಂದಲ್ಲ ಒಂದು ದಿನ ತುಕ್ಕು ಹಿಡಿದು ನಿಲ್ಲುತ್ತದೆ. ಆ ಕಾರಣಕ್ಕೆ ಅದು ಇಂದು ತೋರಿಸುತ್ತಿರುವ ವೇಳೆ ತಪ್ಪಾಗುವುದಿಲ್ಲ. ಹಸಿದ ಮಗುವಿಗೆ ಹಾಲು ಕುಡಿಸುವ ತಾಯಿಗೆ, ಮುಂದೆ ೫೦೦ ಕೋಟಿ ವರ್ಷ ಕಳೆದಮೇಲೆ ಇದರ ಗುರುತೂ ಇರುವುದಿಲ್ಲ ಎಂದು ಯಾರಾದರೂ ತಿಳಿಹೇಳಿದರೆ ಆಕೆ ಲೋಟವನ್ನು ಕೆಳಗಿಡುವುದಿಲ್ಲ. ಹೇಳಿದವನ ಕಡೆಗೆ ವಿಚಿತ್ರವಾಗಿ ನೋಡಿಯಾಳು. ಇನ್ನೂ ಒಂದು ಮಾತಿದೆ. ಅರ್ಥವೆಂಬುದು ಶಾಶ್ವತತೆಯಿಂದ ಮಾತ್ರ ಬರುವುದಾದರೆ, ಅರ್ಥವಿಲ್ಲದ ಕೆಲಸವನ್ನು ಅನಂತಕಾಲ ಮಾಡಿದರೆ ಅದಕ್ಕೆ ಅರ್ಥ ಬರಬೇಕಷ್ಟೆ? ಬರುವುದಿಲ್ಲ. ಕಾಲದ ಉದ್ದವೂ ಬಾಳಿನ ಬೆಲೆಯೂ ಬೇರೆ ಬೇರೆ ಮಾನಗಳಿಂದ ಅಳೆಯಬೇಕಾದ ವಸ್ತುಗಳು. ಮೀಟರನ್ನೂ ಕಿಲೋಗ್ರಾಮನ್ನೂ ಕೂಡಿಸಿದ ಉತ್ತರಪತ್ರಿಕೆಗೆ ನಾವು ಸೊನ್ನೆ ಕೊಡುತ್ತೇವೆ.

ಇಷ್ಟನ್ನು ತರ್ಕದಿಂದ ಹೇಳಿಬಿಡಬಹುದು. ಎರಡನೆಯ ಎಳೆ ಹಾಗಲ್ಲ. ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಬೇಕಾಗಿದ್ದದ್ದು ಸೂರ್ಯನ ಆಯುಷ್ಯದ ಲೆಕ್ಕವಲ್ಲ. ಸಾವಿನ ಎದುರಿನಲ್ಲಿ, ಪರಲೋಕದ ಭರವಸೆಯಿಲ್ಲದೆ, ಒಬ್ಬ ಮನುಷ್ಯ ನೆಟ್ಟಗೆ ನಿಲ್ಲಬಲ್ಲನೇ ಎಂಬುದೇ ಅವನ ಪ್ರಶ್ನೆಯ ತಿರುಳು. ಇಂಥ ಪ್ರಶ್ನೆಗೆ ವಾದಕ್ಕಿಂತ ದೃಷ್ಟಾಂತವೇ ಹೆಚ್ಚು ಸಹಾಯಕ. ನನಗೆ ತಿಳಿದಿರುವ ದೃಷ್ಟಾಂತಗಳಲ್ಲಿ ಅತ್ಯಂತ ಸ್ಪಷ್ಟವಾದದ್ದು ೧೮೬೦ರಲ್ಲಿ ಲಂಡನ್ನಿನ ಒಂದು ಮನೆಯಲ್ಲಿ ನಡೆದದ್ದು.

ಥಾಮಸ್ ಹೆನ್ರಿ ಹಕ್ಸ್‌ಲಿಯ ಹೆಸರನ್ನು ಜೀವವಿಜ್ಞಾನದ ವಿದ್ಯಾರ್ಥಿಗಳು ಕೇಳಿರುತ್ತಾರೆ. ಆತ ಹುಟ್ಟಿದ್ದು ೧೮೨೫ರಲ್ಲಿ. ಯೌವನದಲ್ಲಿ ‘ರ‍್ಯಾಟಲ್‌ಸ್ನೇಕ್’ ಎಂಬ ನೌಕೆಯಲ್ಲಿ ಸಹಾಯಕ ವೈದ್ಯನಾಗಿ ಆಸ್ಟ್ರೇಲಿಯದ ಕಡೆಗೆ ಹೋಗಿ, ಕಡಲಿನ ಮೆದುದೇಹದ ಪ್ರಾಣಿಗಳನ್ನು ಅಭ್ಯಾಸ ಮಾಡಿ ಹೆಸರು ಗಳಿಸಿದವನು. ಸಿಡ್ನಿಯಲ್ಲಿ ಹೆನ್ರಿಯೆಟಾ ಹೀಥಾರ್ನ್ ಎಂಬ ತರುಣಿಯನ್ನು ಕಂಡು ಮೆಚ್ಚಿದ. ಆದರೆ ಸಂಸಾರ ಹೂಡುವಷ್ಟು ಸಂಬಳದ ಕೆಲಸ ಸಿಗದೆ ಮದುವೆಗೆ ೧೮೫೫ರವರೆಗೆ ಕಾಯಬೇಕಾಯಿತು. ಡಾರ್ವಿನ್ನನ ವಿಕಾಸವಾದವನ್ನು ಬಹಿರಂಗವಾಗಿ ಎತ್ತಿಹಿಡಿದವರಲ್ಲಿ ಆತನೇ ಅಗ್ರಗಣ್ಯ. ೧೮೬೦ರ ಜೂನ್ ತಿಂಗಳಿನಲ್ಲಿ ಆಕ್ಸ್‌ಫರ್ಡಿನ ಸಭೆಯಲ್ಲಿ ಬಿಷಪ್ ವಿಲ್ಬರ್‌ಫೋರ್ಸನಿಗೆ ಎದುರಾಗಿ ಮಾತನಾಡಿದ ಪ್ರಸಂಗ ಪ್ರಸಿದ್ಧವಾಗಿದೆ. ಆ ಪ್ರಸಂಗವನ್ನು ಎಲ್ಲರೂ ಬಣ್ಣ ಹಚ್ಚಿ ಹೇಳುತ್ತಾರೆ. ಅದಾದ ಮೂರು ತಿಂಗಳಿಗೆ ನಡೆದದ್ದನ್ನು ಹೇಳುವವರು ಕಡಿಮೆ.

ಹಕ್ಸ್‌ಲಿ ದಂಪತಿಗಳ ಚೊಚ್ಚಲ ಮಗ ನೋಯೆಲ್. ೧೮೫೬ರ ಡಿಸೆಂಬರ್ ೩೧ರ ರಾತ್ರಿ ಮಗುವಿನ ಜನನವನ್ನು ಕಾಯುತ್ತ ಕುಳಿತ ತಂದೆ ದಿನಚರಿಯಲ್ಲಿ ತನ್ನ ಮುಂದಿನ ಬಾಳಿನ ಸಂಕಲ್ಪಗಳನ್ನು ಬರೆದಿಟ್ಟ: ಸೋಗನ್ನು ಎಲ್ಲಿ ಕಂಡರೂ ಹೊಡೆಯಬೇಕು, ಸುಳ್ಳೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಸಹಿಸಬೇಕು, ಕೆಲಸ ಆದರೆ ಸಾಕು, ಅದು ತನ್ನದೆಂದು ಲೋಕ ಗುರುತಿಸಬೇಕೆಂಬ ಹಂಬಲ ಕೂಡದು. ಮಧ್ಯರಾತ್ರಿಗೆ ಐದು ನಿಮಿಷ ಮುಂಚೆ ಮಗು ಹುಟ್ಟಿತು. ಆ ಸಂತೋಷದಲ್ಲಿ ಅವನ ಲೇಖನಿಯಿಂದ ದೇವರಿಗೆ ಕೃತಜ್ಞತೆಯ ಮಾತೂ ಹೊರಟಿತು. ಭಾಷೆಯೊಳಗೆ ಬೇರು ಬಿಟ್ಟ ರೂಢಿ ಅಷ್ಟು ಸುಲಭವಾಗಿ ಹೋಗುವುದಿಲ್ಲ. ದೇವರನ್ನು ನಂಬದ ನನ್ನ ಬಾಯಲ್ಲೂ ಎಡವಿದಾಗ ‘ಅಯ್ಯೋ ದೇವರೇ’ ಎಂಬುದೇ ಬರುತ್ತದೆ.

೧೮೬೦ರ ಸೆಪ್ಟೆಂಬರಿನಲ್ಲಿ, ಇನ್ನೂ ನಾಲ್ಕು ವರ್ಷ ತುಂಬದ ನೋಯೆಲನಿಗೆ ಸ್ಕಾರ್ಲೆಟ್ ಜ್ವರ ತಗುಲಿತು. ಗಂಟಲು ಬಾತು ಮೈಯೆಲ್ಲ ಕೆಂಪು ದದ್ದು ಏಳುವ ಈ ಜ್ವರ ಆ ಕಾಲದ ಇಂಗ್ಲೆಂಡಿನಲ್ಲಿ ಮಕ್ಕಳ ಪಾಲಿನ ಮೃತ್ಯುವಾಗಿತ್ತು. ನಲವತ್ತೆಂಟು ಗಂಟೆಗಳಲ್ಲಿ ಎಲ್ಲವೂ ಮುಗಿದುಹೋಯಿತು. ಹಿಂದಿನ ವಾರವಷ್ಟೇ ತಂದೆಯೊಡನೆ ಕುಣಿದಾಡಿದ್ದ ಮಗುವನ್ನು ೧೫ನೆಯ ತಾರೀಖಿನ ರಾತ್ರಿ ಹಕ್ಸ್‌ಲಿ ತನ್ನ ಅಧ್ಯಯನದ ಕೊಠಡಿಗೆ ಎತ್ತಿ ತಂದು, ತಾನು ಕುಳಿತು ಬರೆಯುತ್ತಿದ್ದ ಜಾಗದಲ್ಲಿ ಮಲಗಿಸಿದ. ಕೆಲವು ದಿನಗಳ ಅನಂತರ, ನಾಲ್ಕು ವರ್ಷದ ಹಿಂದಿನ ಆ ಸಂಕಲ್ಪಗಳ ಕೆಳಗೇ ಈ ಸಾವಿನ ವಿವರವನ್ನು ಬರೆದು, ಕಹಿಯಿಲ್ಲದೆ ಇದನ್ನು ಒಪ್ಪುತ್ತೇನೆ ಎಂಬರ್ಥದ ಮಾತಿನೊಡನೆ ಮುಗಿಸಿದ. ಹೆನ್ರಿಯೆಟಾ ಆಗ ಗರ್ಭಿಣಿ. ೧೮೫೧ರಲ್ಲಿ ಹತ್ತು ವರ್ಷದ ಮಗಳು ಆ್ಯನಿಯನ್ನು ಕಳೆದುಕೊಂಡಿದ್ದ ಡಾರ್ವಿನ್, ಈ ನೋವಿನ ಕಹಿ ಎಂಥದೆಂದು ತಾನು ಬಲ್ಲೆನೆಂದೂ ಕಾಲವೊಂದೇ ಅದನ್ನು ಮೃದುಗೊಳಿಸುವುದೆಂದೂ ಬರೆದು ಕಳುಹಿಸಿದ. ಆತ ಹೇಳಿದ್ದು ಅಷ್ಟೇ. ಅನುಭವಸ್ಥನ ಮಾತು ಹಾಗೆಯೇ ಇರುತ್ತದೆ.

ಆ ದಿನಗಳಲ್ಲಿ ಬಂದ ಇನ್ನೊಂದು ಪತ್ರ ಚಾರ್ಲ್ಸ್ ಕಿಂಗ್ಸ್‌ಲಿಯದು. ಕಿಂಗ್ಸ್‌ಲಿ ಕ್ರೈಸ್ತ ಪಾದ್ರಿ, ಕಾದಂಬರಿಕಾರ, ವಿಶಾಲ ಮನಸ್ಸಿನವನು. ಡಾರ್ವಿನ್ನನ ಪುಸ್ತಕವನ್ನು ಸ್ವಾಗತಿಸಿದ ಕೆಲವೇ ಪಾದ್ರಿಗಳಲ್ಲಿ ಒಬ್ಬ. ಆತ್ಮವು ಅಮರವೆಂಬ ನಂಬಿಕೆಯಲ್ಲಿ ಸಮಾಧಾನ ಕಂಡುಕೊಳ್ಳಬೇಕೆಂದು ಆತ ಪ್ರೀತಿಯಿಂದ ಬರೆದಿದ್ದ. ಸೆಪ್ಟೆಂಬರ್ ೨೩ರಂದು ಹಕ್ಸ್‌ಲಿ ಕೊಟ್ಟ ದೀರ್ಘವಾದ ಉತ್ತರವನ್ನು, ವಿಜ್ಞಾನದ ವಿದ್ಯಾರ್ಥಿಗಳಾದವರು ಒಮ್ಮೆಯಾದರೂ ಹುಡುಕಿ ಓದಬೇಕು. ಅದರ ಸಾರವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಆತ್ಮದ ಅಮರತ್ವವನ್ನು ತಾನು ಅಲ್ಲಗಳೆಯುವುದಿಲ್ಲ, ಒಪ್ಪುವುದೂ ಇಲ್ಲ. ಒಪ್ಪಲು ಕಾರಣ ಕಾಣದು, ಅಲ್ಲಗಳೆಯಲು ಸಾಧನವಿಲ್ಲ ಎನ್ನುತ್ತಾನೆ. ಅದು ನಿಜವಾಗಿರಲಿ ಎಂದು ಹೃದಯ ಹಂಬಲಿಸುತ್ತದೆಂಬುದೇ ಅದರ ಸತ್ಯಕ್ಕೆ ಪ್ರಮಾಣವಾಗಲಾರದು. ಹಂಬಲ ಹೆಚ್ಚಿದಷ್ಟೂ ಪರೀಕ್ಷೆ ಕಠಿಣವಾಗಬೇಕು. ಪ್ರಯೋಗಶಾಲೆಯಲ್ಲಿ ಚಿಕ್ಕ ವಿಷಯಕ್ಕೂ ಪುರಾವೆ ಕೇಳುವವನು ಬಾಳಿನ ಅತಿ ದೊಡ್ಡ ವಿಷಯದಲ್ಲಿ ಪುರಾವೆಯ ಬೇಡಿಕೆಯನ್ನು ಸಡಿಲಿಸುವುದು ಹೇಗೆ ಎಂದು ಕೇಳುತ್ತಾನೆ. ಹೆಂಡತಿ, ಮಕ್ಕಳು, ಹೆಸರು, ಕೀರ್ತಿ ಎಲ್ಲವೂ ದಂಡವಾಗಿ ಒಂದೊಂದಾಗಿ ಹೋದರೂ ಸುಳ್ಳಾಡಲಾರೆ ಎನ್ನುತ್ತಾನೆ. ಮಗುವನ್ನು ಮಣ್ಣು ಮಾಡಿ ವಾರ ಕಳೆಯುವುದರೊಳಗೆ ಬರೆದ ಮಾತಿದು ಎಂಬುದನ್ನು ನೆನಪಿನಲ್ಲಿಟ್ಟು ಓದಬೇಕು.

ಶವಸಂಸ್ಕಾರದ ಸಮಯದ ಒಂದು ಸಂಗತಿಯನ್ನೂ ಆತ ತಿಳಿಸುತ್ತಾನೆ. ಸತ್ತವರು ಮತ್ತೆ ಏಳುವುದಿಲ್ಲವಾದರೆ ತಿಂದು ಕುಡಿದು ಕಾಲ ಕಳೆಯುವುದೇ ಸರಿ ಎಂಬ ಭಾವದ ಬೈಬಲ್ ವಾಕ್ಯವನ್ನು ಪಾದ್ರಿ ಓದಿದಾಗ ಹಕ್ಸ್‌ಲಿಗೆ ಹೇಳಲಾರದಷ್ಟು ಆಘಾತವಾಯಿತು. ತನಗೆ ಹೆಂಡತಿಯಿದ್ದಾಳೆ, ಇತರ ಮಕ್ಕಳಿದ್ದಾರೆ, ಮಾಡಬೇಕಾದ ಕೆಲಸವಿದೆ. ತೀರಿಸಲಾಗದ ನಷ್ಟ ಒದಗಿತೆಂದು ಈಗ ತಾನು ಮನುಷ್ಯತ್ವವನ್ನು ಬಿಟ್ಟು ಪಶುವಿನಂತೆ ಬಿದ್ದುಕೊಳ್ಳಬೇಕೇ? ಮರಿಯನ್ನು ಕಳೆದುಕೊಂಡ ವಾನರಗಳು ಕೂಡ ತಮ್ಮ ದುಃಖವನ್ನು ಅನುಭವಿಸಿ ತೀರಿಸುತ್ತವೆ, ತಿನ್ನಲು ಓಡುವುದಿಲ್ಲ ಎಂಬುದು ಅವನ ಉತ್ತರ. ನನ್ನ ಮಟ್ಟಿಗೆ ಇಡೀ ಪತ್ರದ ತಿರುಳು ಇಲ್ಲಿದೆ. ಮಗುವಿನ ಸಾವಿಗೆ ಅತ್ತವನು, ಆ ಅಳುವಿಗೆ ಆಧಾರವಾದ ಪ್ರೀತಿಯನ್ನು ಯಾವ ಸಿದ್ಧಾಂತದಿಂದಲೂ ಎರವಲು ತಂದಿರಲಿಲ್ಲ. ಪ್ರೀತಿ ಮೊದಲು ಇತ್ತು. ಅದಕ್ಕೆ ವ್ಯಾಖ್ಯಾನಗಳು ಅನಂತರ ಬಂದವು. ವ್ಯಾಖ್ಯಾನವೊಂದು ಕುಸಿದರೆ ಪ್ರೀತಿ ಕುಸಿಯಬೇಕಾಗಿಲ್ಲ.

ಹಾಗಾದರೆ ತನ್ನನ್ನು ಎತ್ತಿ ನಿಲ್ಲಿಸಿದ್ದು ಏನೆಂದು ಹಕ್ಸ್‌ಲಿಯೇ ಹೇಳುತ್ತಾನೆ. ದೇವತಾಶಾಸ್ತ್ರವಿಲ್ಲದೆಯೂ ಗಾಢವಾದ ಧರ್ಮಭಾವ ಸಾಧ್ಯವೆಂಬುದನ್ನು ಕಾರ್ಲೈಲನ ಗ್ರಂಥವೊಂದು ತಿಳಿಸಿಕೊಟ್ಟಿತು. ವಿಜ್ಞಾನ ಮತ್ತು ಅದರ ವಿಧಾನಗಳು ಅಧಿಕಾರಕ್ಕೂ ಸಂಪ್ರದಾಯಕ್ಕೂ ಸೇರದ ಒಂದು ತಂಗುದಾಣವನ್ನು ಕೊಟ್ಟವು. ಪ್ರೇಮವು ಮಾನವ ಸ್ವಭಾವದ ಪಾವಿತ್ರ್ಯವನ್ನು ಕಾಣಿಸಿ ಹೊಣೆಗಾರಿಕೆಯನ್ನು ಕಲಿಸಿತು. ಈ ಮೂರರಲ್ಲಿ ವಿಜ್ಞಾನದ ಪಾಲು ಒಂದು ಮಾತ್ರ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ದೇವರ ಸ್ಥಾನದಲ್ಲಿ ವಿಜ್ಞಾನವನ್ನು ಕೂರಿಸಿ ಆರತಿ ಎತ್ತಿದರೆ ಬಾಳಿಗೆ ಅರ್ಥ ಬಂದುಬಿಡುತ್ತದೆ ಎಂದು ಹೇಳುವವರಿದ್ದಾರೆ. ನಾನು ಹದಿಮೂರು ವರ್ಷದಿಂದ ಭೌತವಿಜ್ಞಾನವನ್ನು ಕಲಿಸುತ್ತಿದ್ದೇನೆ; ಮ್ಯಾಕ್ಸ್‌ವೆಲ್ಲನ ಸಮೀಕರಣಗಳು ಬೆಳಕಿನ ವೇಗವನ್ನು ಹೇಳುತ್ತವೆ, ಮಗನ ಸಾವನ್ನು ಹೇಗೆ ಹೊರಬೇಕೆಂದು ಹೇಳುವುದಿಲ್ಲ. ಹೇಳಲೆಂದು ಅವನ್ನು ರಚಿಸಿಯೂ ಇಲ್ಲ.

ಆ ಡಿಸೆಂಬರಿನಲ್ಲಿ ಇನ್ನೊಬ್ಬ ಮಗ ಹುಟ್ಟಿದ. ಅವನಿಗೆ ಲಿಯೊನಾರ್ಡ್ ಎಂದು ಹೆಸರಿಟ್ಟರು. ಮುಂದಿನ ಮೂವತ್ತೈದು ವರ್ಷ ಹಕ್ಸ್‌ಲಿ ದುಡಿದ ರೀತಿಯನ್ನು ನೋಡಿದರೆ ಅರ್ಥಹೀನತೆಗೆ ಅಲ್ಲಿ ಸಂದುಬಿಟ್ಟಂತೆ ಕಾಣುವುದಿಲ್ಲ. ಸಂಶೋಧನೆಯ ಜೊತೆಗೆ, ಲಂಡನ್ನಿನ ಕೆಲಸಗಾರರಿಗಾಗಿಯೇ ಸುಲಭ ಭಾಷೆಯ ಉಪನ್ಯಾಸಮಾಲೆಗಳನ್ನು ನಡೆಸಿದ. ೧೮೬೮ರಲ್ಲಿ ನಾರಿಚ್ ನಗರದ ಕಾರ್ಮಿಕರ ಮುಂದೆ ಒಂದು ಸೀಮೆಸುಣ್ಣದ ಚೂರಿನಿಂದ ಆರಂಭಿಸಿ ಭೂಮಿಯ ಪ್ರಾಚೀನ ಇತಿಹಾಸವನ್ನೇ ಬಿಚ್ಚಿಟ್ಟ ಭಾಷಣ ಇಂದಿಗೂ ವಿಜ್ಞಾನಸಾಹಿತ್ಯದ ಮಾದರಿ. ೧೮೭೦ರಲ್ಲಿ ಲಂಡನ್ ಶಾಲಾಮಂಡಲಿಗೆ ಆಯ್ಕೆಯಾಗಿ ಬಡಮಕ್ಕಳ ಶಿಕ್ಷಣಕ್ಕೆ ರೂಪ ಕೊಟ್ಟ. ವಿಚಿತ್ರವೆಂದರೆ ಶಾಲೆಗಳಲ್ಲಿ ಬೈಬಲ್ ಓದಿಸಬೇಕೆಂಬ ಪಕ್ಷಕ್ಕೇ ಆತ ಸೇರಿದ್ದ. ಅದರ ಭಾಷೆಯ ಸೊಬಗೂ ನೀತಿಯ ಗಾಂಭೀರ್ಯವೂ ಬಡವರ ಮಕ್ಕಳಿಗೆ ತಪ್ಪಬಾರದೆಂಬುದು ಅವನ ವಾದ. ತನ್ನ ನಿಲುವಿಗೆ ಹೆಸರು ಬೇಕಾದಾಗ ೧೮೬೯ರಲ್ಲಿ ‘ಅಗ್ನಾಸ್ಟಿಕ್’ ಎಂಬ ಪದವನ್ನು ಅವನೇ ಟಂಕಿಸಿದ. ಕನ್ನಡದಲ್ಲಿ ಅಜ್ಞೇಯತಾವಾದಿ ಎನ್ನುತ್ತೇವೆ. ಅವನ ಬಾಳು ಸುಖಮಯವಾಗಿತ್ತೆಂದು ಮಾತ್ರ ಯಾರೂ ತಿಳಿಯಬಾರದು. ಮನಸ್ಸಿಗೆ ಕವಿಯುವ ಖಿನ್ನತೆ ಮತ್ತೆ ಮತ್ತೆ ಅವನನ್ನು ಕೆಡವಿತು. ೧೮೮೭ರಲ್ಲಿ ಚಿತ್ರಕಲಾವಿದೆಯಾಗಿದ್ದ ಮಗಳು ಮೇರಿಯನ್ ದೀರ್ಘ ಅಸ್ವಸ್ಥತೆಯ ನಂತರ ತೀರಿಕೊಂಡಳು.

೧೮೯೩ರಲ್ಲಿ, ಸಾವಿಗೆ ಎರಡು ವರ್ಷ ಮುಂಚೆ, ಆಕ್ಸ್‌ಫರ್ಡಿನಲ್ಲಿ ವಿಕಾಸವಾದವನ್ನೂ ನೀತಿಯನ್ನೂ ಕುರಿತು ಆತ ಮಾಡಿದ ಭಾಷಣ ಸ್ವಪಕ್ಷದವರನ್ನೇ ಬೆಚ್ಚಿಬೀಳಿಸಿತು. ವಿಕಾಸಕ್ರಿಯೆಯಿಂದ ನೀತಿಯನ್ನು ಕಲಿಯಲಾಗದು, ಬಲಿಷ್ಠನು ದುರ್ಬಲನನ್ನು ತುಳಿಯುವ ನಿಸರ್ಗಕ್ರಮವನ್ನು ಅನುಕರಿಸುವುದರಲ್ಲಿ ಅಲ್ಲ, ಅದನ್ನು ಎದುರಿಸುವುದರಲ್ಲಿಯೇ ಸಮಾಜದ ನೈತಿಕ ಪ್ರಗತಿ ಇದೆ ಎಂದು ಸಾರಿದ. ಮರುವರ್ಷ ಇದಕ್ಕೆ ಬರೆದ ಪೀಠಿಕೆಯಲ್ಲಿ ತೋಟದ ಹೋಲಿಕೆ ಬರುತ್ತದೆ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಡಕೆ ತೋಟವನ್ನು ಎರಡು ಮಳೆಗಾಲ ಹಾಗೆಯೇ ಬಿಟ್ಟರೆ ಕಾಡು ಒಳಗೆ ನುಗ್ಗುತ್ತದೆ. ತೋಟ ನಿಸರ್ಗದ ನಿಯಮಗಳಿಗೆ ಹೊರತಾದುದಲ್ಲ. ಆದರೂ ನಿಸರ್ಗ ತಾನಾಗಿ ಅದನ್ನು ಮಾಡಿಕೊಡುವುದೂ ಇಲ್ಲ. ಕಳೆ ಕಿತ್ತು, ಬಸಿಗಾಲುವೆ ತೆಗೆದು, ಗೊಬ್ಬರ ಹೊತ್ತು ಹಾಕುವವರೆಗೆ ಮಾತ್ರ ಅದು ತೋಟ. ಬಾಳಿನ ಅರ್ಥವೂ ಇದೇ ಜಾತಿಯದು ಎಂಬುದು ನನ್ನ ತಿಳಿವಳಿಕೆ. ಅದು ವಿಶ್ವದ ಮೂಲೆಯಲ್ಲೆಲ್ಲೋ ಹುದುಗಿಟ್ಟ ನಿಧಿಯಲ್ಲ. ಇದೆಯೋ ಇಲ್ಲವೋ ಎಂದು ಸೈದ್ಧಾಂತಿಕವಾಗಿ ಸಾಧಿಸುವ ಪ್ರಮೇಯವೂ ಅಲ್ಲ.

ಹಕ್ಸ್‌ಲಿಯಂಥ ಅಸಾಮಾನ್ಯರಿಗೆ ಇದು ಸಾಧ್ಯವಾಯಿತು, ಸಾಮಾನ್ಯರ ಗತಿಯೇನು ಎಂದು ಆಕ್ಷೇಪಿಸಬಹುದು. ನ್ಯಾಯವಾದ ಆಕ್ಷೇಪಣೆ. ಇಲ್ಲಿ ಅಂಕಿಅಂಶಗಳ ಕಡೆಗೆ ತಿರುಗಬೇಕು. ನನ್ನಂಥವನಿಗೆ ಅವು ಪೂರ್ತಿ ಅನುಕೂಲವಾಗಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಶಿಗೆಹಿರೊ ಓಇಶಿ ಮತ್ತು ಎಡ್ ಡೀನರ್ ಎಂಬ ಮನೋವಿಜ್ಞಾನಿಗಳು ೧೩೨ ದೇಶಗಳ ಜನರಿಂದ ಸಂಗ್ರಹಿಸಿದ ಉತ್ತರಗಳನ್ನು ೨೦೧೪ರಲ್ಲಿ ಪರಿಶೀಲಿಸಿದರು. ನಿಮ್ಮ ಬಾಳಿಗೆ ಮುಖ್ಯವಾದ ಉದ್ದೇಶ ಅಥವಾ ಅರ್ಥವಿದೆಯೇ ಎಂಬ ಪ್ರಶ್ನೆಗೆ ಹೌದೆಂದವರ ಪ್ರಮಾಣ ಶ್ರೀಮಂತ ದೇಶಗಳಿಗಿಂತ ಬಡ ದೇಶಗಳಲ್ಲೇ ಹೆಚ್ಚಾಗಿತ್ತು; ಬಡ ದೇಶಗಳಲ್ಲಿ ಧಾರ್ಮಿಕತೆ ಹೆಚ್ಚಿರುವುದೇ ಈ ವ್ಯತ್ಯಾಸಕ್ಕೆ ಮುಖ್ಯ ವಿವರಣೆಯೆಂದು ಅವರು ಕಂಡರು. ಜೀವನದ ತೃಪ್ತಿಯನ್ನು ಕೇಳಿದರೆ ಮಾತ್ರ ಶ್ರೀಮಂತ ದೇಶಗಳೇ ಮುಂದಿದ್ದವು. ಇದೇ ಡೀನರ್ ಸಹೋದ್ಯೋಗಿಗಳೊಡನೆ ೨೦೧೧ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಬೇರೊಂದು ಬೆಳಕು ಸಿಗುತ್ತದೆ: ಹಸಿವು, ಅಲ್ಪಾಯುಷ್ಯ ಮೊದಲಾದ ಕಷ್ಟಗಳಿರುವ ಸಮಾಜಗಳಲ್ಲಿ ಧಾರ್ಮಿಕರು ಹೆಚ್ಚು ನೆಮ್ಮದಿಯಿಂದಿರುತ್ತಾರೆ, ಕಷ್ಟಗಳು ಕಡಿಮೆಯಾದ ಸಮಾಜಗಳಲ್ಲಿ ನಂಬುವವರಿಗೂ ನಂಬದವರಿಗೂ ಈ ವಿಷಯದಲ್ಲಿ ಹೆಚ್ಚಿನ ಅಂತರ ಕಾಣುವುದಿಲ್ಲ. ಕಷ್ಟದ ಸಮಾಜಗಳಲ್ಲಿಯೂ ಈ ಲಾಭ ಬಹುಮಟ್ಟಿಗೆ ಪರಸ್ಪರ ಆಸರೆ, ಗೌರವ, ಬದುಕಿಗೊಂದು ಉದ್ದೇಶ ಇವುಗಳ ಮೂಲಕ ಒದಗುತ್ತದೆ.

ಈ ಫಲಿತಾಂಶಗಳನ್ನು ಮುಚ್ಚಿಡುವುದು ನಮಗೆ ತರವಲ್ಲ. ಧರ್ಮವು ಕೇವಲ ಕೆಲವು ಹೇಳಿಕೆಗಳ ಮೊತ್ತವಲ್ಲ; ಅದು ಜನರನ್ನು ಕೂಡಿಸುವ ವ್ಯವಸ್ಥೆಯೂ ಹೌದು. ದೇವಸ್ಥಾನದ ಅಂಗಳ, ಜಾತ್ರೆ, ಮಸೀದಿಯ ಶುಕ್ರವಾರ, ಭಾನುವಾರದ ಚರ್ಚು ಇವೆಲ್ಲ ಒಬ್ಬಂಟಿಯನ್ನು ಒಬ್ಬಂಟಿಯಾಗಿರಲು ಬಿಡುವುದಿಲ್ಲ. ನಂಬಿಕೆಯನ್ನು ಬಿಟ್ಟವನು ಅದರೊಡನೆ ಈ ಜನಸಂಗವನ್ನೂ ಬಿಟ್ಟುಬಿಟ್ಟರೆ ನಷ್ಟ ಅವನದೇ. ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನನ್ನ ತಂದೆ ತೀರಿಕೊಂಡ ಹದಿಮೂರು ದಿನ ಪುರೋಹಿತರು ಹೇಳಿಸಿದ ಮಂತ್ರಗಳಲ್ಲಿ ನನಗೆ ವಿಶ್ವಾಸವಿರಲಿಲ್ಲ. ತಾಯಿಯ ಮುಖ ನೋಡಿ ಕುಳಿತೆ. ಆದರೆ ಆ ಹದಿಮೂರು ದಿನವೂ ನಮ್ಮ ಮನೆಯಲ್ಲಿ ಒಬ್ಬರಲ್ಲ ಒಬ್ಬರು ಇದ್ದರು. ಎದುರು ಮನೆಯ ಅಜ್ಜಿ ಹೊತ್ತುಹೊತ್ತಿಗೆ ಕಾಫಿ ತಂದುಕೊಡುತ್ತಿದ್ದರು, ದೊಡ್ಡಪ್ಪ ರಾತ್ರಿ ಜಗಲಿಯಲ್ಲೇ ಮಲಗುತ್ತಿದ್ದರು. ಈ ಏರ್ಪಾಡನ್ನು ಕಂಡುಹಿಡಿದ ಪೂರ್ವಿಕರು ದಡ್ಡರಲ್ಲ. ಇದಕ್ಕೆ ಸಮನಾದುದನ್ನು ಕಟ್ಟಿಕೊಳ್ಳದೆ ಬರೀ ತರ್ಕವನ್ನು ಹಿಡಿದು ಕುಳಿತ ನಾಸ್ತಿಕ, ಸಾವು ಮನೆಗೆ ಬಂದಾಗ ನಿಜವಾಗಿಯೂ ಬಡವನಾಗುತ್ತಾನೆ.

ನಾಸ್ತಿಕ ಎಂಬ ಪದವನ್ನು ಬಳಸಿದೆ. ನಮ್ಮ ದೇಶದಲ್ಲಿ ಇದು ಬೈಗುಳದಂತೆ ಕೇಳಿಸುತ್ತದೆ. ಮೂಲದಲ್ಲಿ ದಾರ್ಶನಿಕರು ಇದನ್ನು ಮುಖ್ಯವಾಗಿ ವೇದಪ್ರಾಮಾಣ್ಯವನ್ನು ಒಪ್ಪದವರಿಗೆ ಬಳಸುತ್ತಿದ್ದರು. ವೇದವನ್ನು ಒಪ್ಪಿಯೂ ಸೃಷ್ಟಿಕರ್ತನನ್ನು ಒಪ್ಪದವರಿದ್ದರು: ಮೀಮಾಂಸಕನಾದ ಕುಮಾರಿಲ ಭಟ್ಟ ಜಗತ್ತಿಗೊಬ್ಬ ಕರ್ತೃವಿದ್ದಾನೆಂಬ ವಾದವನ್ನು ಖಂಡಿಸಿದ್ದಾನೆ. ಜೈನರೂ ಬೌದ್ಧರೂ ಸೃಷ್ಟಿಕರ್ತನಿಲ್ಲದೆಯೇ ಅಹಿಂಸೆಯನ್ನೂ ಕರುಣೆಯನ್ನೂ ಕಲಿಸಿದರು. ಅವರಿಗೆ ಕರ್ಮ, ಪುನರ್ಜನ್ಮಗಳ ನಂಬಿಕೆಯಿತ್ತು ಎಂಬುದು ಬೇರೆ ಮಾತು. ಚಾರ್ವಾಕರು ಅದನ್ನೂ ಬಿಟ್ಟರು. ಸಾಲ ಮಾಡಿ ತುಪ್ಪ ತಿನ್ನುವವರು ಎಂದು ಅವರಿಗೆ ಅಂಟಿದ ಹೆಸರು ನಮಗೆ ಬಂದಿರುವುದು ಮುಖ್ಯವಾಗಿ ಅವರ ಎದುರಾಳಿಗಳಿಂದ. ವಿಜಯನಗರ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿರುವ ‘ಸರ್ವದರ್ಶನಸಂಗ್ರಹ’ದ ಮೊದಲ ಅಧ್ಯಾಯವೇ ಅದು. ಲಂಡನ್ನಿನ ಆ ಪಾದ್ರಿ ಓದಿದ ವಾಕ್ಯಕ್ಕೂ ಈ ತುಪ್ಪದ ಆಪಾದನೆಗೂ ಎಷ್ಟು ಹೋಲಿಕೆ! ನಂಬದವನು ಭೋಗಿಯೇ ಆಗಿರಬೇಕೆಂಬ ಊಹೆ ಎಲ್ಲ ದೇಶಗಳಲ್ಲಿಯೂ ಒಂದೇ.

ಈ ಊಹೆಗೆ ನಮ್ಮ ನಾಡಿನಲ್ಲಿಯೇ ಉತ್ತರವಿದೆ. ಎಚ್. ನರಸಿಂಹಯ್ಯನವರು ನನ್ನಂತೆಯೇ ಭೌತವಿಜ್ಞಾನದ ಉಪನ್ಯಾಸಕರಾಗಿ ೧೯೪೬ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿಗೆ ಸೇರಿದವರು (ನನ್ನಂತೆಯೇ ಎಂದದ್ದು ಹುದ್ದೆಯ ಮಟ್ಟಿಗೆ ಮಾತ್ರ). ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಬೀಜದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಪವಾಡಗಳನ್ನು ಪರೀಕ್ಷಿಸಲು ೧೯೭೬ರಲ್ಲಿ ಸಮಿತಿಯೊಂದನ್ನು ನೇಮಿಸಿ ನಾಡಿನಲ್ಲೆಲ್ಲ ಚರ್ಚೆ ಎಬ್ಬಿಸಿದರು. ಮದುವೆಯಾಗಲಿಲ್ಲ, ಮನೆ ಕಟ್ಟಿಸಲಿಲ್ಲ. ಖಾದಿ ಉಟ್ಟು, ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿಯೇ ಜೀವಮಾನದ ಬಹುಭಾಗವನ್ನು ಕಳೆದು ೨೦೦೫ರಲ್ಲಿ ತೀರಿಕೊಂಡರು. ೧೯೬೨ರಲ್ಲಿ ಆರಂಭವಾದ ಬೆಂಗಳೂರು ಸೈನ್ಸ್ ಫೋರಮ್ಮಿನ ಉಪನ್ಯಾಸಗಳಲ್ಲಿ ಕುಳಿತು ವಿಜ್ಞಾನದ ರುಚಿ ಹತ್ತಿಸಿಕೊಂಡವರು ಎಷ್ಟು ಮಂದಿಯೋ. ಎ. ಎನ್. ಮೂರ್ತಿರಾಯರ ದಾರಿ ಬೇರೆ. ಇಂಗ್ಲಿಷ್ ಅಧ್ಯಾಪಕರೂ ಲಘುಪ್ರಬಂಧಗಳ ಲೇಖಕರೂ ಆಗಿದ್ದ ಅವರು ತಾವು ದೇವರನ್ನು ಏಕೆ ಒಪ್ಪಲಾರೆವೆಂಬುದನ್ನು ‘ದೇವರು’ ಎಂಬ ಪುಸ್ತಕದಲ್ಲಿ ವಿವರಿಸಿದ್ದು ತೊಂಬತ್ತರ ಇಳಿವಯಸ್ಸಿನಲ್ಲಿ, ೧೯೯೧ರಲ್ಲಿ. ಸಾವಿನ ಬಾಗಿಲು ಹತ್ತಿರವಾದಾಗ ನಾಸ್ತಿಕರೆಲ್ಲ ಹೆದರಿ ದೇವರ ಹೆಸರು ಹೇಳುತ್ತಾರೆಂಬ ಮಾತನ್ನು ಆ ವಯಸ್ಸಿನಲ್ಲಿ ಅವರು ಸುಳ್ಳುಮಾಡಿದರು; ಆಮೇಲೂ ಹನ್ನೆರಡು ವರ್ಷ ಬಾಳಿದರು.

ಆದರೂ ನಮ್ಮಲ್ಲಿ ಇಂಥವರು ವಿರಳ. ೨೦೧೧ರ ಜನಗಣತಿಯಲ್ಲಿ ಧರ್ಮವನ್ನು ತಿಳಿಸದವರ ಸಂಖ್ಯೆ ಸುಮಾರು ೨೯ ಲಕ್ಷ. ನೂರಕ್ಕೆ ಕಾಲು ಭಾಗವೂ ಇಲ್ಲ, ಅವರೆಲ್ಲರೂ ನಂಬದವರೆಂದೂ ಹೇಳುವಂತಿಲ್ಲ. ಸುತ್ತಲಿನವರೆಲ್ಲ ನಂಬುವ ಊರಿನಲ್ಲಿ ನಂಬದ ಹುಡುಗನೊಬ್ಬನ ಕಷ್ಟ ತರ್ಕದ್ದಲ್ಲ, ಒಂಟಿತನದ್ದು. ಅವನ ತಾಯಿಯ ಭಯವೂ ಅದೇ ಇರಬೇಕು.

ಪರೀಕ್ಷೆ ಮುಗಿದ ಮೇಲೆ ಆ ವಿದ್ಯಾರ್ಥಿಯನ್ನು ನಾನೇ ಕರೆದು ಕೂರಿಸಿ ಇವನ್ನೆಲ್ಲ ಹೇಳಿದೆ. ತಾಯಿಯೊಡನೆ ವಾದಕ್ಕಿಳಿಯಬೇಡ, ತಂದೆಯ ವರ್ಷಾಬ್ದಿಕಕ್ಕೆ ಊರಿಗೆ ಹೋಗು, ಅಲ್ಲಿ ನಾಲ್ಕು ಜನ ತಂದೆಯನ್ನು ನೆನೆಯುತ್ತಾರೆ, ಅದು ನಿನಗೂ ಬೇಕಾದದ್ದೇ ಎಂದೆ. ನಂಬುವಂತೆ ನಟಿಸು ಎಂದು ಮಾತ್ರ ಹೇಳಲಿಲ್ಲ. ಹಕ್ಸ್‌ಲಿಯ ಸಮಾಧಿಯ ವಿಷಯ ಕೊನೆಗೆ ಬಂತು. ೧೮೯೫ರಲ್ಲಿ ಆತನನ್ನು ಫಿಂಚ್‌ಲಿಯಲ್ಲಿ, ಪುಟ್ಟ ನೋಯೆಲನ ಪಕ್ಕದಲ್ಲಿಯೇ ಮಣ್ಣು ಮಾಡಿದರು. ಕಲ್ಲಿನ ಮೇಲೆ ಅವನ ಇಚ್ಛೆಯಂತೆ ಕೆತ್ತಿಸಿದ್ದು ಹೆನ್ರಿಯೆಟಾ ಬರೆದ ಪದ್ಯವೊಂದರ ಮೂರು ಸಾಲು. ಅದರಲ್ಲಿ ದೇವರ ಮಾತಿದೆ. ಆತನು ತನ್ನ ಪ್ರಿಯರಿಗೆ ನಿದ್ರೆಯನ್ನು ಕೊಡುತ್ತಾನೆ, ಆ ನಿದ್ರೆಗೆ ಕೊನೆಯೇ ಇರಬಾರದೆಂದು ಆತನು ಬಯಸಿದರೆ ಹಾಗೆಯೇ ಆಗಲಿ ಎಂಬುದು ಅದರ ಭಾವ. ನಾಲ್ವತ್ತು ವರ್ಷ ಒಟ್ಟಿಗೆ ಬಾಳಿದ ಇಬ್ಬರ ಮಾತುಗಳೂ ಒಂದೇ ಕಲ್ಲಿನಲ್ಲಿ ಹಿಡಿಸಿದ್ದವು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. “ಸಾರ್, ಆ ಮಗುವಿಗೆ ಬಂದ ಜ್ವರ ಈಗ ವಾಸಿಯಾಗುತ್ತದೆಯೇ?” ಎಂದು ಕೇಳಿದ.

ಆಗುತ್ತದೆ ಎಂದೆ. ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಜೀವಿ ಹೊರಸೂಸುವ ವಿಷದಿಂದ ಅದು ಬರುತ್ತದೆ. ೧೮೬೦ರಲ್ಲಿ ಇದು ಯಾರಿಗೂ ತಿಳಿದಿರಲಿಲ್ಲ, ಜೀವಶಾಸ್ತ್ರಜ್ಞನಾದ ತಂದೆಗೂ ತಿಳಿದಿರಲಿಲ್ಲ. ಪೆನಿಸಿಲಿನ್ ಬಂದಮೇಲೆ ಹತ್ತು ದಿನದ ಔಷಧದಲ್ಲಿ ಗುಣವಾಗುತ್ತದೆ. ಪೆನಿಸಿಲಿನ್ ಆ ಸೂಕ್ಷ್ಮಜೀವಿಯನ್ನು ಹೇಗೆ ಕೊಲ್ಲುತ್ತದೆಂದು ಅವನು ಮುಂದಕ್ಕೆ ಕೇಳಿದ. ಅದರ ಕೋಶಭಿತ್ತಿಯನ್ನು ಕಟ್ಟಗೊಡುವುದಿಲ್ಲ ಎಂಬಷ್ಟನ್ನು ಹೇಳಿ, ಹೆಚ್ಚಿನದನ್ನು ಸೂಕ್ಷ್ಮಜೀವಿವಿಜ್ಞಾನದ ಅಧ್ಯಾಪಕರಲ್ಲಿ ಕೇಳೆಂದು ಕಳುಹಿಸಿಕೊಟ್ಟೆ.